ಹೆರಿಗೆ ಮುಗಿದ ಮೇಲೂ ಹೆಣ್ಣಿಗೆ ಮೈ ಇರುತ್ತದೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಹಿಳಾ ಆರೋಗ್ಯದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹುಡುಗಿಯರ ಮುಟ್ಟಿನ ತೊಂದರೆ ಬಗ್ಗೆ ಬರೆಯುತ್ತೀರಿ, ಪಿಸಿಒಡಿ ಬಗ್ಗೆ ಬರೆಯುತ್ತೀರಿ, ಬಸುರಿಯರು ಏನು ಮಾಡಬೇಕು ಏನು ಮಾಡಬಾರದು ಅಂತ ಬರೆಯುತ್ತೀರಿ, ಬಾಣಂತಿಯ ಆರೈಕೆ, ಮಗುವಿಗೆ ಹಾಲೂಡಿಸುವುದು, ಎಲ್ಲವೂ ಬರುತ್ತದೆ. ಒಳ್ಳೆಯದೇ. ಆಮೇಲೆ? ಆಮೇಲೆ ಒಂದೇ ನೆಗೆತಕ್ಕೆ ಮುಖದ ಸುಕ್ಕು, ಬಿಳಿ ಕೂದಲು. ಓದಿದರೆ, ನಲವತ್ತೈದು ದಾಟಿದ ಹೆಂಗಸಿಗೆ ಮುಖ ಮತ್ತು ತಲೆಕೂದಲು ಬಿಟ್ಟು ಬೇರೆ ಅಂಗವೇ ಇಲ್ಲವೇನೋ ಅನ್ನಿಸುತ್ತದೆ!

ಸುಮ್ನೆ ದೂರುವುದಕ್ಕೆ ಬರೆಯುತ್ತಿಲ್ಲ. ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಐವತ್ತು ದಾಟಿದ ಹೆಂಗಸರೇ ಜಾಸ್ತಿ. ಬಿದ್ದು ಮೂಳೆ ಮುರಿದುಕೊಂಡವರು, ಮಂಡಿ ಹಿಡಿದುಕೊಂಡವರು, ಭುಜ ಮೇಲೆತ್ತಲಾಗದವರು. ಅವರ ಮಾತು ಕೇಳಿ ಕೇಳಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಹೆಣ್ಣಿನ ಆರೋಗ್ಯ ಅಂದರೆ ಗರ್ಭಕೋಶದ ಆರೋಗ್ಯ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೇವೆ. ಬಸುರಿಯಾದಾಗ ತಿಂಗಳು ತಿಂಗಳು ತೂಕ, ಬಿಪಿ, ರಕ್ತ, ಶುಗರ್, ಸ್ಕ್ಯಾನ್. ಮನೆಯವರೆಲ್ಲ ಸುತ್ತ ನಿಲ್ಲುತ್ತಾರೆ. ಕೊನೆಯ ಹೆರಿಗೆ ಆಯಿತೋ, ಆ ಫೈಲ್ ಮುಚ್ಚಿತು. ಮತ್ತೆ ಅವಳ ಬಿಪಿ ನೋಡುವವರು ಯಾರೂ ಇಲ್ಲ, ಅವಳು ಎಲ್ಲಾದರೂ ಕುಸಿದು ಬೀಳುವ ತನಕ.

ಲೆಕ್ಕ ಹಾಕಿ ನೋಡಿ. ಹೆಚ್ಚಿನವರಿಗೆ 45ರಿಂದ 55ರ ಒಳಗೆ ಮುಟ್ಟು ನಿಲ್ಲುತ್ತದೆ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಪೂರ್ತಿ ನಿಂತಿತು ಅಂತ ಲೆಕ್ಕ. ಅಲ್ಲಿಂದ ಮುಂದೆ ಇನ್ನೂ ಇಪ್ಪತ್ತೈದು, ಮೂವತ್ತು ವರ್ಷದ ಬಾಳು ಇರುತ್ತದೆ. ಎಷ್ಟೋ ಜನಕ್ಕೆ ಅದಕ್ಕಿಂತ ಜಾಸ್ತಿ. ಆಯಸ್ಸಿನ ಮೂರನೇ ಒಂದು ಭಾಗಕ್ಕೂ ಮಿಕ್ಕಿದ ಕಾಲ ಅದು. ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆ ಹೆಚ್ಚಿನ ವರ್ಷಗಳಲ್ಲಿ ನೋವು, ಕಾಯಿಲೆಯ ಜೊತೆ ಕಳೆಯುವ ಕಾಲವೂ ಅವರಿಗೇ ಹೆಚ್ಚು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಮೂಳೆಯಿಂದ ಶುರುಮಾಡುತ್ತೇನೆ, ನನ್ನ ಕೆಲಸ ಅದೇ ಆದ್ದರಿಂದ. ನಮ್ಮ ಮೂಳೆ ಯಾವಾಗಲೂ ಸ್ವಲ್ಪ ಸ್ವಲ್ಪ ಕರಗುತ್ತಾ, ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತಾ ಇರುತ್ತದೆ. ಕರಗಿಸುವ ಕೆಲಸ ಅತಿಯಾಗದಂತೆ ಹಿಡಿದಿಡುವುದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ನಿಲ್ಲುವ ಹೊತ್ತಿಗೆ ಅದು ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಮೊದಲ ಐದರಿಂದ ಏಳು ವರ್ಷಗಳಲ್ಲೇ ಮೂಳೆಯ ಸಾಂದ್ರತೆ ಶೇ 20ರವರೆಗೂ ಇಳಿಯಬಹುದು. ಇದು ನೋಯುವುದಿಲ್ಲ. ಅದೇ ತೊಂದರೆ. ಐವತ್ತು ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ ಮುಂದೆ ಯಾವಾಗಲಾದರೂ ಹೀಗೆ ಮೂಳೆ ಟೊಳ್ಳಾಗುವ ಮೂಳೆ ಸವೆತದಿಂದ (ಆಸ್ಟಿಯೊಪೊರೋಸಿಸ್) ಮೂಳೆ ಮುರಿಯುತ್ತದೆ. ಗಂಡಸರಲ್ಲಿ ಐವರಿಗೆ ಒಬ್ಬರು.

ಹೆಚ್ಚಾಗಿ ಮೊದಲು ಮುರಿಯುವುದು ಮಣಿಕಟ್ಟು. ಕಾಲು ಜಾರಿತು, ಕೈ ಊರಿದರು, ಟಕ್ ಅಂತು. ಪ್ಲಾಸ್ಟರ್ ಹಾಕುತ್ತಾರೆ, ಆರು ವಾರಕ್ಕೆ ಬಿಚ್ಚುತ್ತಾರೆ, ಕೈ ಬಿಗಿಯಾಗಿದೆ ಅಂತ ನನ್ನ ಹತ್ತಿರ ಕಳಿಸುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ, ಮೂಳೆ ಗಟ್ಟಿ ಇದೆಯಾ ಅಂತ ಯಾರಾದರೂ ಪರೀಕ್ಷೆ ಮಾಡಿದರಾ? ಹೆಚ್ಚಿನವರು ನನ್ನ ಮುಖ ನೋಡುತ್ತಾರೆ. ನಿಂತಲ್ಲಿಂದ ಬಿದ್ದ ಮಾತ್ರಕ್ಕೆ ಗಟ್ಟಿ ಮೂಳೆ ಮುರಿಯಬಾರದು. ಮುರಿದಿದೆ ಅಂದರೆ ಒಳಗೆ ಟೊಳ್ಳಾಗಿರಬಹುದು ಅಂತ ಅರ್ಥ, ಮುಂದೆ ಬೆನ್ನುಮೂಳೆ, ಸೊಂಟದ ಕೀಲು ಕಾದಿದೆ ಅಂತ ಅರ್ಥ. ಅಲ್ಲೇ, ಆ ಮಣಿಕಟ್ಟಿನ ಹಂತದಲ್ಲೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಎಷ್ಟೋ ಅನಾಹುತ ತಪ್ಪುತ್ತದೆ. ಮಲಗಿಸಿ ಕೆಲವೇ ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಅದು, ಚುಚ್ಚುವುದಿಲ್ಲ, ನೋಯಿಸುವುದಿಲ್ಲ. ಅದರಲ್ಲಿ ಟಿ-ಸ್ಕೋರ್ ಅಂತ ಒಂದು ಸಂಖ್ಯೆ ಬರುತ್ತದೆ, ಆರೋಗ್ಯವಂತ ಯುವತಿಯ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಕಡಿಮೆ ಅಂತ ಅದು ಹೇಳುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ ಅಂತ ಲೆಕ್ಕ.

ಬೆನ್ನುಮೂಳೆ ಇನ್ನೂ ಮೋಸದ್ದು. ಸದ್ದಿಲ್ಲದೆ ಕುಸಿಯುತ್ತದೆ. ಎತ್ತರ ಕಡಿಮೆಯಾಗುತ್ತದೆ, ಬೆನ್ನು ಬಾಗುತ್ತದೆ, ಮನೆಯವರು ವಯಸ್ಸಾಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದರಂತೂ ಮಾತೇ ಬೇರೆ. ಹಾಗೆ ಮುರಿದ ವಯಸ್ಸಾದವರಲ್ಲಿ ಸುಮಾರು ಐವರಿಗೆ ಒಬ್ಬರು ವರ್ಷದೊಳಗೆ ತೀರಿಹೋಗುತ್ತಾರೆ. ಉಳಿದವರಲ್ಲಿ ಬಹಳ ಜನ ಮೊದಲಿನಂತೆ ಓಡಾಡಲಾರರು. ನಾನು ಅವರನ್ನು ಹಾಸಿಗೆಯಿಂದ ಎಬ್ಬಿಸಿ ವಾಕರ್ ಹಿಡಿಸಿ ನಿಲ್ಲಿಸುತ್ತೇನೆ. ಆಗ ಎಲ್ಲರೂ ಕೇಳುವುದು ಒಂದೇ, ಬಚ್ಚಲಿಗೆ ಒಬ್ಬಳೇ ಹೋಗುವ ಹಾಗೆ ಆಗುತ್ತೇನಾ ಅಂತ.

ಮೂಳೆ ಸವೆತಕ್ಕೆ ಮಾತ್ರೆ ಇವೆ. ಅಲೆಂಡ್ರೊನೇಟ್ ಅನ್ನುವ ಮಾತ್ರೆ 1995ರಿಂದಲೇ ಇದೆ, ವಾರಕ್ಕೆ ಒಂದು ನುಂಗಿದರೆ ಸಾಕು. ಆದರೆ ಅದನ್ನು ನುಂಗುವ ಕ್ರಮ ಇದೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನ ಜೊತೆ ನುಂಗಬೇಕು, ಆಮೇಲೆ ಕಡೇಪಕ್ಷ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಇಲ್ಲದಿದ್ದರೆ ಅನ್ನನಾಳ ಉರಿಯುತ್ತದೆ. ಇದನ್ನು ಚೀಟಿ ಬರೆದುಕೊಡುವಾಗ ಯಾರೂ ಕೂರಿಸಿ ಹೇಳುವುದಿಲ್ಲ. ಅವಳು ಬೇರೆ ಮಾತ್ರೆಗಳ ಜೊತೆ ಸೇರಿಸಿ ನುಂಗಿ ಮತ್ತೆ ಮಲಗುತ್ತಾಳೆ, ಎದೆ ಉರಿಯುತ್ತದೆ, ಈ ಮಾತ್ರೆ ನನಗೆ ಆಗಿಬರಲ್ಲ ಅಂತ ಬಿಟ್ಟುಬಿಡುತ್ತಾಳೆ. ಎರಡು ನಿಮಿಷದ ಮಾತು ಉಳಿಸಿಕೊಂಡಿದ್ದಕ್ಕೆ ಒಂದು ತೊಡೆಮೂಳೆ ಹೋಗುತ್ತದೆ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ.

ಇನ್ನು ವ್ಯಾಯಾಮ. "ದಿನವೆಲ್ಲ ಮನೆಕೆಲಸ ಮಾಡ್ತೀನಲ್ಲಮ್ಮ, ಇನ್ನೇನು ವ್ಯಾಯಾಮ" ಅಂತಾರೆ. ಮನೆಕೆಲಸದಲ್ಲಿ ದಣಿವು ಇದೆ, ಬಲ ಬರುವುದು ಕಡಿಮೆ. ಒಂದೇ ತರಹ ಬಗ್ಗಿ, ಒಂದೇ ಭಾರ ಎತ್ತಿ ಮೈ ಸುಸ್ತಾಗುತ್ತದೆ ಅಷ್ಟೇ, ಸ್ನಾಯು ಬೆಳೆಯುವುದಿಲ್ಲ. ನಡೆಯುವುದು ಹೃದಯಕ್ಕೆ, ಮನಸ್ಸಿಗೆ ಒಳ್ಳೆಯದು, ಬಿಡಬೇಡಿ. ಆದರೆ ಮೂಳೆಗೆ, ಸ್ನಾಯುವಿಗೆ ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೀಗೆ: ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ವ್ಯಾಯಾಮ. ಭಾರ ಎತ್ತಿದರೆ ಮುದುಕಿಯರ ಮೂಳೆ ಮುರಿಯುತ್ತದೆ ಅನ್ನುವ ಹೆದರಿಕೆಯೂ ಇದೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಆಗಲೇ ಮೂಳೆ ತೆಳುವಾಗಿದ್ದ ಹೆಂಗಸರಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಸಾಕಷ್ಟು ಭಾರವನ್ನೇ ಎತ್ತಿಸಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆ ಗಟ್ಟಿಯಾಯಿತು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇದ್ದರು ಅನ್ನುವುದು ಮುಖ್ಯ, ಮನೆಯಲ್ಲಿ ತಾವೇ ಶುರುಮಾಡುವ ಕೆಲಸ ಅಲ್ಲ ಇದು.

ಮನೆಯಲ್ಲೇ ಮಾಡಬಹುದಾದದ್ದು ಒಂದು ಹೇಳುತ್ತೇನೆ. ಗೋಡೆಗೆ ತಾಗಿಸಿಟ್ಟ, ಕೈ ಇಲ್ಲದ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡು, ಪೂರ್ತಿ ಎದ್ದು ನಿಂತು ಪೂರ್ತಿ ಕೂರಬೇಕು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ಪಕ್ಕದಲ್ಲಿ ಯಾರಾದರೂ ನಿಂತಿರಲಿ. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಡಿಮೆ, 70ರಿಂದ 74ರವರಿಗೆ 10ಕ್ಕಿಂತ ಕಡಿಮೆ ಆದರೆ ಬೀಳುವ ಅಪಾಯ ಇದೆ ಅಂತ ತಿಳಿಯಬೇಕು. ಕೈ ಊರದೆ ಏಳಲಿಕ್ಕೇ ಆಗದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಇದೇ ಪರೀಕ್ಷೆ, ಇದೇ ವ್ಯಾಯಾಮ ಕೂಡ. ಮೊದಲ ದಿನ ಐದು ಸಲಕ್ಕೆ ತೊಡೆ ನಡುಗಿದವರು ಕೆಲವು ವಾರ ಬಿಡದೆ ಮಾಡಿ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನು ಮರೆತಿದ್ದು ಗೊತ್ತು ನನಗೆ.

ಈಗ ಯಾರೂ ಜೋರಾಗಿ ಹೇಳದ ವಿಷಯ. ಮೂತ್ರ ಸೋರುವುದು. ಕೆಮ್ಮಿದರೆ, ಸೀನಿದರೆ, ನಕ್ಕರೆ, ಭಾರ ಎತ್ತಿದರೆ ಒಂದಿಷ್ಟು ಸೋರುತ್ತದೆ. ಇನ್ನು ಕೆಲವರಿಗೆ ಬಂತು ಅನ್ನುವಷ್ಟರಲ್ಲಿ ಬಚ್ಚಲು ತಲುಪಲು ಆಗುವುದಿಲ್ಲ. ಮಂಡಿ ನೋವಿಗೆ ಬಂದವರ ಹತ್ತಿರ ನಾನೇ ಕೇಳುತ್ತೇನೆ, ಯಾಕೆಂದರೆ ಅವರು ಹೇಳುವುದಿಲ್ಲ. ಕೇಳಿದ ಮೇಲೆ ಒಂದು ಕ್ಷಣ ಬಾಗಿಲ ಕಡೆ ನೋಡುತ್ತಾರೆ, ಧ್ವನಿ ಇಳಿಸುತ್ತಾರೆ, ಆಮೇಲೆ ವರ್ಷಗಳದ್ದು ಹೊರಗೆ ಬರುತ್ತದೆ. ಮನೆಯಿಂದ ಹೊರಡುವ ಮುಂಚೆ ನೀರು ಕುಡಿಯುವುದಿಲ್ಲ. ಗಾಢ ಬಣ್ಣದ ಬಟ್ಟೆ ಬಿಟ್ಟು ಬೇರೆ ಉಡುವುದಿಲ್ಲ. ಹೋದ ಕಡೆಯಲ್ಲೆಲ್ಲ ಮೊದಲು ಶೌಚಾಲಯ ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ. ಕೊನೆಗೆ ಹೋಗುವುದನ್ನೇ ಬಿಡುತ್ತಾರೆ. ಮನೆಯವರಿಗೆ ಕಾಣುವುದು ಇಷ್ಟೇ, ಅಮ್ಮ ಈಗೀಗ ಎಲ್ಲಿಗೂ ಬರಲ್ಲ ಅಂತಾಳೆ.

ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನು ಇನ್ನೂ ಕೆರಳಿಸುತ್ತದೆ, ಮಲಬದ್ಧತೆ ಆಗುತ್ತದೆ, ಮುಕ್ಕರಿದಷ್ಟೂ ಮೂತ್ರಚೀಲ, ಗರ್ಭಕೋಶವನ್ನು ಎತ್ತಿಹಿಡಿಯುವ ಕೆಳಗಿನ ಸ್ನಾಯುಗಳ ಮೇಲೆ ಒತ್ತಡ ಜಾಸ್ತಿ. ಹೆರಿಗೆಯಲ್ಲಿ ಸಡಿಲವಾದ ಸ್ನಾಯುಗಳು ಅವು, ಈಸ್ಟ್ರೋಜೆನ್ ಇಳಿದ ಮೇಲೆ ಅಲ್ಲಿಯ ಅಂಗಾಂಶ ಇನ್ನೂ ತೆಳುವಾಗುತ್ತದೆ. ಇದಕ್ಕೆ ಮೊದಲ ಚಿಕಿತ್ಸೆ ವ್ಯಾಯಾಮವೇ. ಆರ್ನಾಲ್ಡ್ ಕೀಗಲ್ ಅನ್ನುವ ಅಮೆರಿಕದ ವೈದ್ಯರು 1948ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಗಾಳಿ ಹೋಗದಂತೆ, ಮೂತ್ರ ಹೋಗದಂತೆ ತಡೆಯುವಾಗ ಹೇಗೆ ಒಳಗೆ, ಮೇಲಕ್ಕೆ ಎಳೆದುಕೊಳ್ಳುತ್ತೀರೋ ಹಾಗೆ ಎಳೆದು ಹಿಡಿಯಬೇಕು, ಕೆಲವು ಸೆಕೆಂಡು ಬಿಟ್ಟು ಪೂರ್ತಿ ಸಡಿಲ ಮಾಡಬೇಕು. ಸಡಿಲ ಮಾಡುವುದೂ ವ್ಯಾಯಾಮದ ಭಾಗವೇ, ಹೆಚ್ಚಿನವರು ಅದನ್ನು ಮರೆಯುತ್ತಾರೆ. ಉಸಿರು ಬಿಗಿಹಿಡಿಯಬಾರದು, ಪೃಷ್ಠ, ತೊಡೆ ಬಿಗಿ ಮಾಡಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದಂತೂ ಬೇಡವೇ ಬೇಡ. ಸರಿಯಾಗಿ ಕಲಿತು ಮೂರು ತಿಂಗಳು ದಿನಾ ಮಾಡಿದರೆ ಬಹಳ ಜನಕ್ಕೆ ಗುಣ ಕಾಣುತ್ತದೆ. ಗರ್ಭಕೋಶ ಜಾರಿದ್ದರೆ ಪೆಸರಿ ಅಂತ ಒಂದು ಮೆತ್ತನೆಯ ಉಂಗುರ ಇದೆ, ಒಳಗೆ ಇಟ್ಟರೆ ಎತ್ತಿಹಿಡಿಯುತ್ತದೆ, ಎಲ್ಲರಿಗೂ ಆಪರೇಷನ್ನೇ ಬೇಕಿಲ್ಲ. ಯೋನಿಯ ಒಣಗುವಿಕೆ, ಉರಿ, ಮತ್ತೆ ಮತ್ತೆ ಬರುವ ಉರಿಮೂತ್ರಕ್ಕೆ ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಇದೆ. ಎಷ್ಟು ಸಲ ಆಂಟಿಬಯಾಟಿಕ್ ನುಂಗಿದರೂ ಈ ಕ್ರೀಮ್ ಹೆಸರನ್ನೇ ಕೇಳದ ಹೆಂಗಸರಿದ್ದಾರೆ.

ಮೈ ಬಿಸಿಯೇರುವ ವಿಷಯಕ್ಕೆ ಬಂದರೆ ಎಲ್ಲರೂ ನಗುತ್ತಾರೆ. ಅನುಭವಿಸುವವರು ನಗುವುದಿಲ್ಲ. ಮೈಯ ಬಿಸಿಯನ್ನು ಸಮವಾಗಿಡುವ ಮೆದುಳಿನ ಭಾಗ ಈಸ್ಟ್ರೋಜೆನ್ ಇಳಿದಾಗ ಅತಿಸೂಕ್ಷ್ಮವಾಗುತ್ತದೆ. ಸ್ವಲ್ಪ ಬಿಸಿ ಏರಿದರೂ ಭಾರಿ ಸೆಕೆಯಾಯಿತು ಅಂದುಕೊಂಡು ರಕ್ತನಾಳ ಹಿಗ್ಗಿಸಿ, ಬೆವರಿಳಿಸಿ, ಎದೆ ಡವಡವ ಅನ್ನಿಸುತ್ತದೆ. ಆರು ತಿಂಗಳು ತಡ್ಕೊಳ್ಳಿ ಅಂತ ಸಮಾಧಾನ ಹೇಳುತ್ತಾರಲ್ಲ, ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ನೋಡಿದಾಗ, ಪದೇ ಪದೇ ಬಿಸಿಯೇರುತ್ತಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಇದು ಏಳು ವರ್ಷಕ್ಕೂ ಮಿಕ್ಕಿ ಇತ್ತು. ಏಳು ವರ್ಷ ರಾತ್ರಿ ನಿದ್ದೆಗೆಟ್ಟವಳು ಹಗಲು ಸಿಡಿಮಿಡಿ ಅಂದರೆ ಅದು ಅವಳ ಸ್ವಭಾವ ಅಂತ ಬರೆದುಕೊಳ್ಳುತ್ತೇವೆ. ಈ ಕಾಲದಲ್ಲಿ ಖಿನ್ನತೆ ಬರುವ ಸಾಧ್ಯತೆಯೂ ಹೆಚ್ಚು ಅನ್ನುವುದು ಬೇರೆ.

ಇದಕ್ಕೆ ಕೊಡುವ, ಇಳಿದ ಈಸ್ಟ್ರೋಜೆನ್ ತುಂಬುವ ಹಾರ್ಮೋನು ಚಿಕಿತ್ಸೆ ಅಂದರೆ ಕ್ಯಾನ್ಸರ್ ಅಂತ ಒಂದು ಭಯ ನೆಟ್ಟುಬಿಟ್ಟಿದೆ. ಅದರ ಮೂಲ 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೇ ನಿಲ್ಲಿಸಿದ ಒಂದು ದೊಡ್ಡ ಪ್ರಯೋಗ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ಅಂದರೆ ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷವೇ ಕಳೆದಿತ್ತು. ಎರಡು ಹಾರ್ಮೋನು (ಈಸ್ಟ್ರೋಜೆನ್, ಪ್ರೊಜೆಸ್ಟಿನ್) ಸೇರಿಸಿ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿದ್ದು ನಿಜ, ವರ್ಷಕ್ಕೆ 10,000 ಹೆಂಗಸರಿಗೆ 8ರಂತೆ. ಪತ್ರಿಕೆಗಳ ತಲೆಬರಹದಲ್ಲಿ ಶೇಕಡಾವಾರು ಮಾತ್ರ ಬಂತು, ಈ ಎಂಟು ಅನ್ನುವ ಅಂಕಿ ಬರಲಿಲ್ಲ. ಕ್ಷಮಿಸಿ, ನಿಮ್ಮ ವೃತ್ತಿಯವರ ಮೇಲೆ ಇದೊಂದು ದೂರು ಇದ್ದೇ ಇದೆ. ಆಮೇಲಿನ ವರ್ಷಗಳಲ್ಲಿ ಅದೇ ಅಂಕಿ ಅಂಶವನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಅಪಾಯಕ್ಕಿಂತ ಉಪಯೋಗವೇ ಹೆಚ್ಚು ಅನ್ನುವುದು ಈಗಿನ ತಜ್ಞರ ಅಭಿಪ್ರಾಯ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಪಾರ್ಶ್ವವಾಯು ಆಗಿದ್ದವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಎಲ್ಲರೂ ತೆಗೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ, ಅದು ನನ್ನ ಅಧಿಕಾರವೂ ಅಲ್ಲ. ಆದರೆ ಕೂತು ಮಾತಾಡಿ ಬೇಕು ಬೇಡ ಅಂತ ನಿರ್ಧಾರ ಮಾಡುವ ಅವಕಾಶ ಅವಳಿಗೆ ಸಿಗಬೇಕಲ್ವಾ? ಹಾರ್ಮೋನು ಇಲ್ಲದ ಮಾತ್ರೆಗಳೂ ಬಂದಿವೆ.

ಗರ್ಭಕೋಶದ ಬಗ್ಗೆಯೂ ಒಂದು ಮಾತು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಚೂರು ರಕ್ತ ಕಂಡರೂ ವೈದ್ಯರ ಹತ್ತಿರ ಹೋಗಲೇಬೇಕು. ಹಾಗೆ ರಕ್ತ ಕಂಡವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ, ಹೆದರಬೇಡಿ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಈ ರಕ್ತ ಕಂಡಿರುತ್ತದೆ. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ ಅದು. ಹೇಗೂ ಮಕ್ಕಳಾಯಿತು, ಇನ್ನೇಕೆ ಅದು ಅಂತ ಸಣ್ಣ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಬಿಡುವವರು ಇದ್ದಾರೆ. ಬಲವಾದ ಕಾರಣ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಅದು ಒಂದೇ ದಿನದಲ್ಲಿ ಈಸ್ಟ್ರೋಜೆನ್ ನಿಲ್ಲಿಸಿದ ಹಾಗೆ. ಮೂಳೆಗೂ ಹೃದಯಕ್ಕೂ ಅದರ ಪೆಟ್ಟು ಬೀಳುತ್ತದೆ.

ಹೃದಯ ಅಂದೆನಲ್ಲ, ಅದಕ್ಕೇ ಬರೋಣ. ಜಗತ್ತಿನಲ್ಲಿ ಅತಿ ಹೆಚ್ಚು ಹೆಂಗಸರು ಸಾಯುವುದು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ, ಸುಮಾರು ಮೂವರಿಗೆ ಒಬ್ಬರು. ಆದರೂ ಅದು ಗಂಡಸರ ಕಾಯಿಲೆ ಅನ್ನುವ ನಂಬಿಕೆ ಹೋಗಿಲ್ಲ. ಹೆಂಗಸರಿಗೂ ಎದೆನೋವು ಬರುತ್ತದೆ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ನೋವು, ಬೆನ್ನು ನೋವು, ಏದುಸಿರು, ವಾಕರಿಕೆ, ಕಾರಣವಿಲ್ಲದ ಸುಸ್ತು ಬರುತ್ತದೆ. ಗ್ಯಾಸ್ ಇರಬೇಕು, ಟೆನ್ಷನ್ ಇರಬೇಕು ಅಂತ ಗಂಟೆಗಟ್ಟಲೆ ಕಾಯುತ್ತಾರೆ. ಅವಳೂ ಕಾಯುತ್ತಾಳೆ, ಮನೆಯವರೂ ಕಾಯುತ್ತಾರೆ, ಆಸ್ಪತ್ರೆಗೆ ಬಂದ ಮೇಲೂ ಒಮ್ಮೊಮ್ಮೆ ಕಾಯಿಸುತ್ತಾರೆ.

ಇಲ್ಲಿ ನನಗೆ ಅತಿ ವಿಚಿತ್ರ ಅನ್ನಿಸುವುದು ಇದು. ಬಸಿರಿನಲ್ಲಿ ಬಿಪಿ ಏರಿ ಕಷ್ಟಪಟ್ಟವಳಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡರಷ್ಟು. ಬಸಿರಿನಲ್ಲಿ ಶುಗರ್ ಬಂದಿದ್ದವಳಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹಲವು ಪಟ್ಟು. ಅಂದರೆ ಇಪ್ಪತ್ತೈದು ವರ್ಷ ಮೊದಲೇ ಅವಳ ಮೈ ಎಚ್ಚರಿಕೆ ಕೊಟ್ಟಿತ್ತು. ಆ ಹೆರಿಗೆ ಫೈಲಿನಲ್ಲಿ ಅದು ಬರೆದೂ ಇತ್ತು. ಮಗು ಚೆನ್ನಾಗಿದೆಯಲ್ಲ ಅಂತ ಆ ಫೈಲ್ ಅಟ್ಟಕ್ಕೆ ಹೋಯಿತು. ಐವತ್ತೈದರಲ್ಲಿ ಅವಳನ್ನು ನೋಡುವ ವೈದ್ಯರು, ನಿಮ್ಮ ಬಸಿರಿನಲ್ಲಿ ಬಿಪಿ, ಶುಗರ್ ಇತ್ತಾ ಅಂತ ಕೇಳುವುದು ಅಪರೂಪ. ಒಂದೇ ಪ್ರಶ್ನೆ, ಪರೀಕ್ಷೆಯ ಖರ್ಚೂ ಇಲ್ಲ. ಓದುತ್ತಿರುವ ಅಕ್ಕಂದಿರೇ, ಅವರು ಕೇಳದಿದ್ದರೆ ನೀವೇ ಹೇಳಿ.

ಸ್ತನ, ಗರ್ಭಕಂಠದ ಪರೀಕ್ಷೆಗಳ ಬಗ್ಗೆ ನೀವು ಆಗಾಗ ಬರೆಯುತ್ತೀರಿ, ಅದನ್ನೇ ಮತ್ತೆ ಹೇಳುವುದಿಲ್ಲ. ಒಂದನ್ನು ಮಾತ್ರ ಸೇರಿಸಿ ದಯವಿಟ್ಟು. ವಯಸ್ಸಾದಂತೆ ಸ್ತನ ಕ್ಯಾನ್ಸರಿನ ಸಾಧ್ಯತೆ ಏರುತ್ತದೆ, ಇಳಿಯುವುದಿಲ್ಲ. ಈ ವಯಸ್ಸಿಗೆ ಇದೆಲ್ಲ ಯಾಕೆ ಅನ್ನುವವರು ಲೆಕ್ಕವನ್ನು ತಲೆಕೆಳಗೆ ಹಿಡಿದಿದ್ದಾರೆ.

ಕಣ್ಣು, ಕಿವಿಯನ್ನೂ ಮರೆಯಬೇಡಿ. ಮರೆವಿನ ಕಾಯಿಲೆಯ ಬಗ್ಗೆ 2024ರಲ್ಲಿ ಬಂದ ಲ್ಯಾನ್ಸೆಟ್ ಆಯೋಗದ ವರದಿ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಸರಿಪಡಿಸದೆ ಬಿಟ್ಟ ದೃಷ್ಟಿದೋಷವೂ ಇದೆ, ಒಂಟಿತನವೂ ಇದೆ. ಕಿವಿ ಕೇಳಿಸದವಳು ಮಾತಿನಿಂದ ದೂರ ಕೂರುತ್ತಾಳೆ. ಆಮೇಲೆ ಅಮ್ಮನಿಗೆ ಮರೆವು ಜಾಸ್ತಿಯಾಗಿದೆ ಅಂತಾರೆ. ಮೊದಲು ಕಿವಿ ತೋರಿಸಿ. ಇನ್ನೊಂದು ಕಡೆ, ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೊತ್ತಿನಲ್ಲಿ ಶೇ 70ರಷ್ಟು ಹೆಂಗಸರ ಪಾಲಿನದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರವತ್ತೈದರ ಹೆಂಗಸು ಎಪ್ಪತ್ತೆರಡರ ಗಂಡನನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುತ್ತಾಳೆ, ಅವಳ ಬೆನ್ನು ನೋವಿಗೆ ನಾನು ವ್ಯಾಯಾಮ ಹೇಳಿಕೊಡುತ್ತೇನೆ. ನಿಜವಾಗಿ ಅವಳಿಗೆ ಬೇಕಾಗಿರುವುದು ವಾರಕ್ಕೆ ಎರಡು ದಿನ ಆ ಕೆಲಸಕ್ಕೆ ಹೆಗಲು ಕೊಡುವ ಇನ್ನೊಬ್ಬರು. ಅದನ್ನು ನಾನು ಚೀಟಿಯಲ್ಲಿ ಬರೆದುಕೊಡಲಾರೆ.

ಮನೆಯವರಿಗೆ, ಅದರಲ್ಲೂ ಗಂಡುಮಕ್ಕಳಿಗೆ ಒಂದು ಮಾತು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಬರುತ್ತೀರಿ, ಸಂತೋಷ. ಆದರೆ ನಾನು ಅಮ್ಮನನ್ನು ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡುತ್ತೀರಿ. ಎಷ್ಟು ದಿನದಿಂದ ನೋವು ಅಂದರೆ ನೀವು ಹೇಳುತ್ತೀರಿ. ನಿದ್ದೆ ಬರುತ್ತಾ ಅಂದರೂ ನೀವೇ! ಬಂದ ಮೇಲೆ ಹತ್ತು ನಿಮಿಷ ಹೊರಗೆ ಹೋಗಿ ಕೂತುಕೊಳ್ಳಿ. ಮೂತ್ರ ಸೋರುವುದನ್ನು, ರಕ್ತ ಕಂಡಿದ್ದನ್ನು ಮಗನ ಎದುರು ಹೇಳುವ ತಾಯಿಯನ್ನು ನಾನು ನೋಡಿಯೇ ಇಲ್ಲ. ಸೊಸೆಯ ಎದುರು ಕೂಡ ಹೇಳುವುದಿಲ್ಲ. ಮನೆಯಲ್ಲಿ ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಕಂಬಿ ಹಾಕಿಸಿ, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಇರಲಿ, ಜಾರುವ ಮ್ಯಾಟ್ ತೆಗೆದುಹಾಕಿ. ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವರ್ಷಕ್ಕೊಮ್ಮೆ ಒಬ್ಬರೇ ವೈದ್ಯರಿಗೆ ತೋರಿಸಿ. ನಾಲ್ಕು ವೈದ್ಯರು ಬರೆದ ಮಾತ್ರೆಗಳು ಸೇರಿ ತಲೆ ಸುತ್ತಿಸಿ ಬೀಳಿಸುವುದು ಸಾಮಾನ್ಯ ಸಂಗತಿ.

ವೈದ್ಯರಿಗೆ, ಆರೋಗ್ಯ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟು. ಬಸುರಿಗೆ ಒಂದು ಕಾರ್ಡ್ ಇರುವ ಹಾಗೆ ನಲವತ್ತೈದು ದಾಟಿದವಳಿಗೂ ಒಂದು ಕಾರ್ಡ್ ಇರಲಿ. ಬಸಿರಿನ ಬಿಪಿ, ಶುಗರಿನ ಇತಿಹಾಸ ಅದರಲ್ಲಿ ಮೊದಲ ಸಾಲಿಗೆ ಬರಲಿ. ಮುಟ್ಟು ಯಾವಾಗ ನಿಂತಿತು, ಎತ್ತರ ಎಷ್ಟು ಇಳಿದಿದೆ, ಹೋದ ವರ್ಷ ಬಿದ್ದಿದ್ದೀರಾ, ಮೂತ್ರ ಸೋರುತ್ತದಾ, ನಿದ್ದೆ ಹೇಗಿದೆ, ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತಿದ್ದೀರಾ, ಇವಿಷ್ಟನ್ನು ಕೇಳಿ ಬರೆದುಕೊಳ್ಳಲು ಯಾವ ಯಂತ್ರವೂ ಬೇಕಿಲ್ಲ. ತರಬೇತಿ ಪಡೆದ ನರ್ಸ್ ಒಬ್ಬರು ಕಾಲು ಗಂಟೆಯಲ್ಲಿ ಮಾಡಿ ಮುಗಿಸುತ್ತಾರೆ.

ನಿಮ್ಮ ಪತ್ರಿಕೆಗೆ ಬರುತ್ತೇನೆ. ವಾರಕ್ಕೊಂದು ಕಾಲಂ ಈ ವಯಸ್ಸಿನವರಿಗೆ ಕೊಡಿ. ಪ್ರಶ್ನೆ ಕಳಿಸುವವರ ಹೆಸರು ಹಾಕಬೇಡಿ, ಆಗ ನೋಡಿ ಎಂಥೆಂಥ ಪ್ರಶ್ನೆ ಬರುತ್ತವೆ. ಉತ್ತರ ಬರೆಯಲು ಸ್ತ್ರೀರೋಗ ತಜ್ಞರೊಬ್ಬರೇ ಸಾಲದು, ಮೂಳೆಯವರು, ಹೃದಯದವರು, ಮನೋವೈದ್ಯರು, ನಮ್ಮಂಥ ಫಿಸಿಯೋಥೆರಪಿಸ್ಟ್‌ಗಳು ಎಲ್ಲರೂ ಇರಲಿ. ನನ್ನನ್ನು ಕೇಳಿದರೆ ನಾನು ಪುಕ್ಕಟೆ ಬರೆದುಕೊಡುತ್ತೇನೆ. ಪಕ್ಕದಲ್ಲಿ ಸುಕ್ಕಿನ ಕ್ರೀಮಿನ ಜಾಹೀರಾತು ಬೇಕಿದ್ದರೆ ಹಾಕಿಕೊಳ್ಳಿ, ನಿಮ್ಮ ಖರ್ಚೂ ನಡೆಯಬೇಕಲ್ಲ. ಮತ್ತೆ ಆ ಕಾಲಂನ ಅಕ್ಷರ ಈಗಿರುವುದಕ್ಕಿಂತ ಎರಡು ಪಾಯಿಂಟ್ ದೊಡ್ಡದಿರಲಿ. ಓದಬೇಕಾದವರು ಅರವತ್ತರವರು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ
(ಹೆಸರು ಪ್ರಕಟಿಸುವುದು ಬೇಡ)